ಕರೆಂಟು ಹೋದಾಗ

ಇನ್ಸ್‌ಪೆಕ್ಟರು ಬಾಗಲಾ ಹಾಕಿ
"ಕೊಂದಾವ ಇದ ಕೋಣ್ಯಾಗ ಅದಾನ" ಅಂದದ್ದ ತಡ
ಬನಹಟ್ಟಿಗೆ ಬನಹಟ್ಟೀನ ಕತ್ತಲಾತು.
ಓಣಿ ತುಂಬ ಮಗ್ಗ ಒಮ್ಮೆಲೆ ನಿಂತು
ಕಿವಿಯೊಳಗ ಗುಂಯ್ ಅನ್ನೂದಷ್ಟ ಉಳೀತು.

"ಸಣ್ಣ ಸೊಸೀದ ಕೆಲಸ" ಅಂದ್ಲು ಅತ್ತಿ,
"ಏ ಇಕಿನ, ಮೇಣಬತ್ತಿ ಹಚ್ಚ."
"ಸಾವ್ಕಾರಂದು," ದುಂಡಪ್ಪ ಕೆಮ್ಮಿದ.
ಎರಡು ಭೀಮಿನ ಕೂಲಿ ಇನ್ನೂ ಬಂದಿಲ್ಲ ಅವಗ.
ನೆಗೆಣ್ಣಿ ಮಗಳು, ಎಂಟನೇತ್ತೆ,
"ಇನ್ಸ್‌ಪೆಕ್ಟರ ಕೊಂದಿರಬೇಕು" ಅಂತಂದು
ಅವರಪ್ಪನ ಕಡೆ ಬೈಸಿಕೊಂಡ್ಲು.

ನಾ ಕಂಡಿಕಿ ಸುತ್ತಾಕಿ, ಬಾಯಿ ಬಿಡಲಿಲ್ಲ.
ಮೂರು ವಾರದ ಹಿಂದೇನ ಗೊತ್ತಾಗಿತ್ತು.
ಸಾವಿನ ಮನ್ಯಾಗ ಎಲ್ಲಾರೂ ಅಳುವಾಗ
ಆ ಬಡಕ ಕಾರಕೂನ
ಎರಡು ಚಾದ ಕಪ್ಪು ತೊಳದಾವ
ಒಂದನ್ನ ಅಷ್ಟ ಒರಸಿ ಕಪಾಟಿನ್ಯಾಗ ಇಟ್ಟ.
ಕ್ಯಾಮೆರಾ ನೋಡಿಯೂ ನೋಡದಂಗ ದಾಟಿತು.
ದಿನಾ ಕಪ್ಪು ತೊಳಿಯೂ ಕೈ ನಂದು,
ಅದಕ್ಕ ಸಿಕ್ಕಿತು.

ಕೊಂದಾನ, ಖರೆ.
ಆದರ ಸತ್ತ ಮಾಲಕ ಹದಿನಾಕು ವರ್ಷ
ಅವನ ಹೆಸರ ಹಿಡದು ಒಮ್ಮೆ ಕರದಿದ್ದಿಲ್ಲ.
ಇದನ್ನ ಯಾರೂ ಕೇಳಿಸಿಕೊಂಡಿಲ್ಲ ಈ ಮನ್ಯಾಗ.

ಕರೆಂಟು ಬಂತು. ಮೊದಲ ಮಗ್ಗ, ಆಮ್ಯಾಲ ಲೈಟು.
ಟಿವಿ ಡಬ್ಬಿ ಕಣ್ಣು ಬಿಡೂದ್ರಾಗ
ಸಾಬಾಣದ ಜಾಹೀರಾತು, ಯಾವಾಕಿನೋ ನಗಾಕತ್ತಿದ್ಲು.
ಎಲ್ಲಾರೂ ಹಣಿ ಹಣಿ ಬಡಕೊಂಡು ಎದ್ದರು.
ಮತ್ತ ತೋರಸ್ತಾರಂತ, ನಾಳಿ ಮಧ್ಯಾಹ್ನ ಎರಡಕ್ಕ.

ಅತ್ತೀ ಚಾದ ಕಪ್ಪು ತೊಳದು ಬೋರಲ ಹಾಕಿದೆ.
ನಾಳಿ ಎರಡರ ತನಕ
ಅಂವ ಹೊರಗ ಅದಾನ.