ಎಪ್ಪತ್ತಮೂರನೆಯ ರಿಂಗು

ಬಾಗೇಪಲ್ಲಿ ರಸ್ತೆಯ ಆ ಸೈಟು ಒಂದು ಕಾಲಕ್ಕೆ ಕೆರೆಯ ಅಂಚು.
ಚಿಂತಾಮಣಿಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ.
ಮಣ್ಣು ಪರೀಕ್ಷೆಯ ವರದಿ ಒಪ್ಪುತ್ತದೆ:
ಮೇಲೆ ಗಟ್ಟಿ ಗರಸು, ರೊಟ್ಟಿಯ ಹಾಗೆ,
ಕೆಳಗೆ ಕಪ್ಪು ಗೋಡು, ಇನ್ನೂ ನೀರಿನ ವಾಸನೆ.

ಅಗೆದಷ್ಟೂ ರೊಟ್ಟಿ ತೆಳುವಾಗುತ್ತದೆ.
ಏರಿಸೋಣವೆಂದರೆ ಬೈಚಪ್ಪನವರ ಕೋಲ್ಡ್ ಸ್ಟೋರೇಜಿನ ನೆಲ
ಲಾರಿಯ ಹಲಗೆಗೆ ಸಮ ನಿಲ್ಲಬೇಕು,
ಹುಣಸೆಹಣ್ಣಿನ ಚೀಲ ಸಲೀಸಾಗಿ ಒಳಗೆ ಜಾರಬೇಕು.
ನಡುವೆ ನನಗೆ ಉಳಿದದ್ದು ನಾನೂರು ಮಿಲಿಮೀಟರು ದಪ್ಪ.
"ಸಾಲ್ದಾ?" ಅಂದರು,
ರವಿಕೆ ಬಟ್ಟೆ ಹರಿಸುವವರ ಹಾಗೆ.

ಕಡ್ಲೆಪುರಿ ಅಂಗಡಿಯ ಮೇಲಿನ ನನ್ನ ಕೋಣೆಯಲ್ಲಿ
ರಾತ್ರಿ ಹನ್ನೊಂದರವರೆಗೆ ಲೆಕ್ಕ.
ಒಂದೂವರೆ ಅಡಿ ಚೌಕದ ಕಂಬ,
ಅದರ ಮೇಲೆ ನೂರಾ ಮೂವತ್ತೈದು ಟನ್ನು.
ಕಾಂಕ್ರೀಟು ತಾಳುವುದು ಒಂದೂಕಾಲು,
ಬಂದು ಬೀಳುವುದು ಒಂದೂಮುಕ್ಕಾಲು.
ಚದರ ಮಿಲಿಮೀಟರಿಗೆ ಅರ್ಧ ನ್ಯೂಟನ್ನಿನ ಸಾಲ.
ಕೆಳಗಿನ ಅಂಗಡಿಯವನು ಕೊಸರಿಗೆ ಹಾಕುವ ಪುರಿ
ಅದಕ್ಕಿಂತ ಹೆಚ್ಚು ತೂಗೀತು.

"ಫುಟಿಂಗಿಗೆ ರಿಂಗಾ, ಮೇಡಂ?"
ಬಾರ್ ಬೆಂಡರ್ ಇನಾಯತ್ ಡ್ರಾಯಿಂಗನ್ನು ತಿರುಗಿಸಿ ತಿರುಗಿಸಿ ನೋಡಿದ.
"ಕಂಬಕ್ಕೆ ಕಟ್ಟಿದ್ದೀನಿ, ಬೀಮಿಗೆ ಕಟ್ಟಿದ್ದೀನಿ.
ಇಪ್ಪತ್ತೆಂಟು ವರ್ಷ ಆಯ್ತು, ಪಾಯಕ್ಕೆ ಯಾರೂ ಕಟ್ಟಿಸಿಲ್ಲ.
ದಪ್ಪ ಮಾಡಿಬಿಡ್ತಾರೆ."

ಟೀ ಬಂದಿತ್ತು. ಅವನ ಬೇಕರಿ ಬಿಸ್ಕತ್ತನ್ನು
ಖಾಲಿ ಲೋಟದ ಬಾಯಿಗಿಟ್ಟು
ಪೆನ್ನಿನ ಹಿಂಬದಿಯಿಂದ ನಡುವೆ ಒತ್ತಿದೆ.
ಮೇಲೆ ಪೆನ್ನಿನಷ್ಟೇ ತೂತು,
ಅಡಿಯಲ್ಲಿ ಕಿತ್ತು ಹೋದದ್ದು ರೂಪಾಯಿಯಗಲ.
ಬಾಗಲಿಲ್ಲ, ನರಳಲಿಲ್ಲ,
ಹೇಳದೆ ಕೇಳದೆ ಹೋಯಿತು.
ಇನಾಯತ್ ಪುಡಿಯನ್ನು ಟೀಗೆ ಸುರಿದುಕೊಂಡ.
"ಇನ್ನೊಂದು ಬಿಸ್ಕತ್ ಕೊಡ್ಸಿ," ಅಂದ. "ಎಷ್ಟು ರಿಂಗು?"

ಎಪ್ಪತ್ತೆರಡು. ಹತ್ತು ಎಂಎಂ.
ಕೊಕ್ಕೆ ನೂರಾ ಮೂವತ್ತೈದು ಡಿಗ್ರಿ;
ಟನ್ನೂ ಅಷ್ಟೇ, ಕಾಕತಾಳೀಯ.

ಒಂದು ಮಾತು ಅವನಿಗೆ ಹೇಳಲಿಲ್ಲ.
ಕಬ್ಬಿಣ ಜೊತೆಗೆ ಬಂತೆಂದರೆ
ಕಾಂಕ್ರೀಟಿನ ಶಕ್ತಿಯನ್ನು ಅರ್ಧವೆಂದೇ ಹಿಡಿಯಬೇಕು.
ನಿನ್ನೆ ಒಂಟಿಯಾಗಿ ಹೊರುತ್ತಿದ್ದದ್ದು
ಆಸರೆ ಸಿಕ್ಕಿತು ಎಂದಕೂಡಲೇ ಅರ್ಧ.
ಇದ್ಯಾವ ನ್ಯಾಯ ಎಂದು ಕಾಲೇಜಿನಲ್ಲಿ ಎದ್ದು ನಿಂತು ಕೇಳಿದ್ದೆ.
"ರಿಂಗು ಕೈ ಹಾಕುವುದೇ ಕಾಂಕ್ರೀಟು ಸೀಳಿದ ಮೇಲೆ.
ಕೂತ್ಕೊಳಮ್ಮ."

ಎರಡು ದಿನ ಇನಾಯತ್ ಹಲಗೆಯ ಮೇಲೆ ಬೋರಲು ಮಲಗಿ
ಮೇಲಿನ ಜಾಲರಿಗೂ ಕೆಳಗಿನ ಜಾಲರಿಗೂ ನಡುವೆ
ಮೊಣಕೈವರೆಗೆ ಕೈ ಇಳಿಬಿಟ್ಟು ಕಟ್ಟಿದ,
ಬಾವಿಗೆ ಬಿದ್ದ ಚೊಂಬು ತಡಕುವವನ ಹಾಗೆ.
ಅವನ ಅಳಿಯ ಬೈಂಡಿಂಗ್ ವೈರು ಚಾಚುತ್ತಿದ್ದ.
ಟೇಪು ಹಿಡಿಸಿ ಒಂದು ಫೋಟೊ ತೆಗೆದೆ.
ಮೂರನೆಯ ಸಂಜೆ ವೈಬ್ರೇಟರು ಗುರುಗುಟ್ಟಿತು,
ಎಲ್ಲ ಬೂದಿ ಬಣ್ಣದೊಳಗೆ ಹೋಯಿತು.

ಬೆಳಿಗ್ಗೆ ಮರಳಿನ ಗುಡ್ಡೆಯ ಹತ್ತಿರ
ಒಂದು ರಿಂಗು ಬಿದ್ದಿತ್ತು.
"ಒಂದು ಹೆಚ್ಚಿಗೆ ಬಗ್ಗಿಸಿದ್ದೆ, ಮೇಡಂ."
ಆಮೇಲೆ, ಗೋಣಿಗೆ ನೀರು ಹಾಕುತ್ತ,
"ಅನ್ಸುತ್ತೆ."

ಅನ್ಸುತ್ತೆ.

ರಾತ್ರಿ ಫೋಟೊ ಹಿಗ್ಗಿಸಿ ಹಿಗ್ಗಿಸಿ ಎಣಿಸಿದೆ.
ಅರವತ್ತೊಂಬತ್ತು.
ಉಳಿದ ಮೂರು ಇದ್ದರೆ, ಇನಾಯತ್‌ನ ನೆರಳಿನೊಳಗೆ ಇರಬೇಕು;
ಎರಡೇ ಇದ್ದರೂ ಅದೇ ನೆರಳು.
ಕಾಂಕ್ರೀಟನ್ನು ಅರ್ಧ ತಾನೆ ಹಿಡಿದದ್ದು, ಅಂದುಕೊಂಡೆ.
ಇನ್ನರ್ಧ ಅಲ್ಲೇ ಗುಂಡಿಯಲ್ಲಿದೆ,
ಯಾವ ಕಾಗದದಲ್ಲೂ ಇಲ್ಲದೆ.
ಕೆಳಗೆ ಪುರಿ ಹುರಿಯುವವರು ಬಿಸಿ ಮರಳು ಜರಡಿ ಹಿಡಿಯುತ್ತಿದ್ದರು.

ಈಗ ಆ ರಿಂಗು ನನ್ನ ಕಿಟಕಿಯ ಮೊಳೆಯಲ್ಲಿ ತೂಗುತ್ತಿದೆ, ತುಕ್ಕು ಹತ್ತುತ್ತಿದೆ.
ಗಾಳಿಗೆ ಸರಳಿಗೆ ತಾಗಿ ಠಿಣ್ ಅನ್ನುತ್ತದೆ.
ಹೋದ ವಾರ ಬೈಚಪ್ಪ ಫೋನು ಮಾಡಿದರು:
"ಕಂಬ ಚೆನ್ನಾಗ್ ಎದ್ದವೆ ಮೇಡಂ. ಮುಂದೆ ಇನ್ನೊಂದು ಅಂತಸ್ತು..."

ಪೂರ್ತಿ ಕೇಳುವ ಮೊದಲೇ
ಇಲ್ಲ ಅಂದೆ.