ಬೆಂಡ್ ತೆಗೆಯುವುದು

ಹನ್ನೊಂದೂಕಾಲಿಗೆ ಗಾಜಿನ ಬಾಗಿಲು ತನ್ನಷ್ಟಕ್ಕೆ ಸರಿಯಿತು.
ಬಂದವರು ಇನಾಸ್ ಪಾತ್ರಾಂವ್.
ಚಪ್ಪಲಿ ಹೊರಗೇ ಬಿಟ್ಟಿದ್ದರು,
ಯಾರದೋ ಮನೆಗೆ ಬಂದ ಹಾಗೆ.
"ಹಾಕ್ಕೊಂಡೇ ಬನ್ನಿ ಅಂಕಲ್" ಅಂದ ಸೆಕ್ಯುರಿಟಿಯವನು.
ಅವರು ತಿರುಗಿ ಹೋಗಿ ಹಾಕಿಕೊಂಡು ಬರುವಷ್ಟರಲ್ಲಿ
ನಾನು ಹೆಲ್ಮೆಟ್ಟುಗಳ ಹಿಂದೆ ಅಡಗಬಹುದಿತ್ತು.
ಬಿಲ್ಲಿಂಗಿನಲ್ಲಿ ಅವತ್ತು ನಾನೊಬ್ಬನೇ.

ಕೋಡಿಬಾಗದ ಅವರ ಗೂಡಿನಲ್ಲಿ ಆರು ವರ್ಷ ಕೂತವನು ನಾನು,
ಬೋಗುಣಿಯ ನೀರಲ್ಲಿ ಟ್ಯೂಬು ಮುಳುಗಿಸಿ
ಗುಳ್ಳೆ ಏಳುವ ಜಾಗವನ್ನು ಬೆರಳಲ್ಲಿ ಹಿಡಿದು.
ಬೈತಖೋಲದಿಂದ ಬರುವ ಸೈಕಲ್ಲುಗಳಿಗೆ
ಹಿಂದಿನ ಗಾಲಿಯೇ ಮೊದಲು ತುಕ್ಕು ಹಿಡಿಯುವುದು,
ಕ್ಯಾರಿಯರಿನ ಬುಟ್ಟಿಯಿಂದ ಬಂಗಡೆಯ ಉಪ್ಪುನೀರು ಸೋರಿ ಸೋರಿ.
ಆ ತುಕ್ಕು ನೋಡಿಯೇ ಹೇಳುತ್ತಿದ್ದರು:
ಗಾಡಿ ಯಾರದು, ಈ ವಾರ ಮೀನು ಬಿದ್ದಿದೆಯೋ ಇಲ್ಲವೋ,
ದುಡ್ಡು ಈಗಲೇ ಕೇಳಬೇಕೋ, ಶನಿವಾರದ ತನಕ ಸುಮ್ಮನಿರಬೇಕೋ.

ಒಳ್ಳೆಯವರೆಂದು ಹೇಳಲಾರೆ.
ಒಮ್ಮೆ ಪಾನಾ ಬೀಸಿದ್ದಾರೆ ತಲೆಗೆ, ತಪ್ಪಿಸಿಕೊಂಡೆ.
ಚೌತಿಗೆ ಕೊಡುತ್ತೇನೆಂದ ಸಂಬಳ ಕ್ರಿಸ್‌ಮಸ್ಸಿಗೆ ಕೊಟ್ಟರು,
ಕೇಕಿನ ಜೊತೆ,
ಕೇಕಿನ ದುಡ್ಡು ಮುರಿದುಕೊಂಡು.
ಇಲ್ಲಿ ಹಾಗಿಲ್ಲ. ಪಿ.ಎಫ್. ಇದೆ, ವಾರಕ್ಕೊಂದು ರಜೆ ಇದೆ,
ವರ್ಷಕ್ಕೆ ಮೂರು ನೀಲಿ ಟೀ ಶರ್ಟು,
ಎದೆಯ ಮೇಲೆ ಬಿಲ್ಲೆ: "ದಾಮೋದರ. ನನ್ನನ್ನು ಕೇಳಿ."
ಕೇಳುತ್ತಾರೆ. ಟ್ರಯಲ್ ರೂಮ್ ಎಲ್ಲಿದೆ ಎಂದು.
ಮೊನ್ನೆ ನೌಕಾನೆಲೆಯ ಸಾಹೇಬರೊಬ್ಬರು ಸೊಟ್ಟ ಗಾಲಿ ತಂದರು.
"ಹುಬ್ಬಳ್ಳಿಗೆ ಕಳಿಸಬೇಕು ಸರ್, ಹದಿನೈದು ದಿನ."
ಹದಿನೈದು ನಿಮಿಷ ಎಂದು ನನ್ನ ಕೈಗೆ ಗೊತ್ತಿತ್ತು.
ಕಂಪ್ಯೂಟರಿನಲ್ಲಿ ಅದಕ್ಕೊಂದು ಗುಂಡಿಯಿಲ್ಲ.

ಪಾತ್ರಾಂವ್ ಹತ್ತು ಟ್ಯೂಬು ತಂದು ಕೌಂಟರಿನ ಮೇಲಿಟ್ಟರು.
ಅವರಿಗೆ ಹುಬ್ಬಳ್ಳಿಯ ಸೇಟು ಹಾಕುವ ರೇಟಿಗಿಂತ
ನಮ್ಮ ಬೆಲೆ ಹದಿನೆಂಟು ರೂಪಾಯಿ ಕಡಿಮೆ.
ಅದು ನನಗೂ ಗೊತ್ತು, ಅವರಿಗೂ ಗೊತ್ತು.
ಇಬ್ಬರೂ ಡಬ್ಬಿಯ ಮೇಲಿನ ಚಿತ್ರ ನೋಡಿದೆವು.
ಒಬ್ಬರಿಗೆ ನಾಲ್ಕೇ, ಎಂದಿತು ಯಂತ್ರ.
ನಾಲ್ಕು ಅವರ ಫೋನ್ ನಂಬರಿಗೆ ಹಾಕಿದೆ,
ನಾಲ್ಕು ನನ್ನದಕ್ಕೆ,
ಉಳಿದೆರಡು ನಮ್ಮ ಆಯಿಯದಕ್ಕೆ.
ಜನ್ಮದಲ್ಲಿ ಸೈಕಲ್ ಮುಟ್ಟದ ಅವಳಿಗೆ ಈಗ ನಲವತ್ತು ಪಾಯಿಂಟು.
ಚೀಲಕ್ಕೆ ಹನ್ನೆರಡು ರೂಪಾಯಿ ಬೇರೆ ಎಂದದ್ದೇ
ಟ್ಯೂಬುಗಳನ್ನೆಲ್ಲ ಅಂಗಿಯೊಳಗೆ ತುಂಬಿಕೊಂಡರು.

ಹೋಗುತ್ತ ಹೋಗುತ್ತ ನಿಂತರು,
ಸ್ಟ್ಯಾಂಡಿನ ಮೇಲಿದ್ದ ಕೆಂಪು ಗೇರ್ ಸೈಕಲ್ಲಿನೆದುರು.
ಎಡಗೈಯಲ್ಲಿ ಹೊಟ್ಟೆ ಹಿಡಿದು
ಬಲಗೈಯಲ್ಲಿ ಹಿಂದಿನ ಗಾಲಿ ತಿರುಗಿಸಿ ಬಿಟ್ಟರು.
ಅದು ನಿಂತ ಮೇಲೆ ಕಡ್ಡಿಗಳನ್ನು ಮೀಟಿದರು, ಒಂದೊಂದಾಗಿ,
ಟಿಣ್, ಟಿಣ್, ಟಿಣ್,
ಟೊಪ್.
"ಯಾರು ಕಟ್ಟಿದ್ದು ಇದನ್ನ?"

ಡಬ್ಬಿ ಹರಿದು, ಹ್ಯಾಂಡಲ್ ಕೂರಿಸಿ, ಪೆಡಲ್ ತಿರುವಿ
ಬೆಲೆಚೀಟಿ ಕಟ್ಟಿದವನು ನಾನೇ.
ಇಪ್ಪತ್ತು ನಿಮಿಷಕ್ಕೊಂದು ಎಂದು ಲೆಕ್ಕ.
"ಫ್ಯಾಕ್ಟರಿಯಿಂದಲೇ ಹಾಗೆ ಬರ್ತದೆ" ಎಂದೆ.

ಅವರು ವಾಪಸ್ ಬಂದು ನನ್ನ ಎದೆಯ ಬಿಲ್ಲೆ ಓದಿದರು,
ಕಾಗುಣಿತ ಕೂಡಿಸಿ, ದಾ, ಮೋ, ದ, ರ,
ಮೊದಲ ಸಲ ಕೇಳಿದವರ ಹಾಗೆ.
ಆರು ವರ್ಷ ನಾನು ಬರೀ 'ಪೋರ'ನಾಗಿದ್ದೆ.
ಆಮೇಲೆ ಜೇಬಿಗೆ ಕೈ ಹಾಕಿ
ಕಡ್ಡಿ ತಿರುಗಿಸುವ ಚಾವಿ ತೆಗೆದು ಗಾಜಿನ ಮೇಲಿಟ್ಟರು.
ಅದೇ ಚಾವಿ. ಒಂದು ಕಿವಿ ಮುರಿದದ್ದು.
ಮುರಿದದ್ದು ನಾನು, ಪಾನಾ ಬೀಸಿದ್ದು ಆವತ್ತೇ.

"ನಾಳೆ ತಂದ್ ಕೊಡು ಪೋರಾ.
ಒಂದಕ್ಕೆ ಬಾಗಿಲು ಹಾಕ್ತೇನೆ, ಊಟಕ್ಕೆ.
ತಡವಾದರೆ ತಾಸಿಗೆ ಹತ್ತು ರೂಪಾಯಿ, ಬಾಡಿಗೆ."