ಹನ್ನೊಂದು ಮನೆ, ಒಂದು ಬಾಗಿಲು

ಸುತ್ತೋಲೆಯ ಪ್ರಕಾರ ಮನೆ ಎಂದರೆ
ನಾಲ್ಕು ಗೋಡೆ, ಮೇಲೆ ತಾರಸಿ,
ಎದುರಿಗೆ ಬಾಗಿಲು, ಬಾಗಿಲೆದುರು ಫಲಾನುಭವಿ,
ಕಣ್ಣು ತೆರೆದಿರಬೇಕು,
ಫೋಟೋದ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ.
ಒಲೆ ಬೇಕೆಂದು ಬರೆದಿಲ್ಲ.
ನೀರು ಬೇಕೆಂದೂ.

ನಾನು ಪಾಲಿಕೆಯ ಗುತ್ತಿಗೆ ನೌಕರ,
ಮೊಬೈಲು ನನ್ನದು, ರೀಚಾರ್ಜು ನನ್ನದು,
ಎಣಿಕೆ ಮಾತ್ರ ಸರ್ಕಾರದ್ದು.

ಮಾರ್ಚ್ ಇಪ್ಪತ್ತೆಂಟು. ಶಿವಮೊಗ್ಗ ಮುಗಿದು, ತುಂಗಾ ಕಾಲುವೆ ದಾಟಿ,
ಸಿಟಿ ಬಸ್ಸು ತಿರುಗುವ ಜಾಗಕ್ಕಿಂತ ಇನ್ನೂ ಆಚೆ
ಹನ್ನೆರಡು ಮನೆ 'ಪ್ರಗತಿಯಲ್ಲಿದೆ'.
ಮೂವತ್ತೊಂದರೊಳಗೆ 'ಪೂರ್ಣ' ಆಗದಿದ್ದರೆ
ಗುರಿ ಮುಟ್ಟಿಲ್ಲವೆಂದು ನಮಗೆ ನೋಟಿಸು,
ಮುಂದಿನ ವರ್ಷದ ಮನೆಗಳು ಬೇರೆ ಊರಿಗೆ.
ಗೋಡೆ ಇತ್ತು. ತಾರಸಿ ಇತ್ತು.
ಬಾಗಿಲಿದ್ದದ್ದು ಸಕ್ರಿಬಾಯಿಗೆ ಒಬ್ಬಳಿಗೇ.

ಗಾಂಧಿ ಬಜಾರಿನಲ್ಲಿ ಯಾರದೋ ಮಳಿಗೆ ಕೆಡವುವಾಗ
ಎರಡು ಸಾವಿರ ಅಂದದ್ದನ್ನು ಸಾವಿರದ ಎಂಟುನೂರಕ್ಕೆ ಇಳಿಸಿ
ಮಗನ ಜೊತೆ ಹೊತ್ತು ತಂದ ಹಲಸಿನ ಬಾಗಿಲು.
ನಿಲ್ಲಿಸಿದ ವಾರವೇ ಪೋಲಿಯೋ ಹನಿಯವರು ಬಂದು
ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು:
ಪಿ, ಏಳು, ಒಂದು ಗೆರೆ, ತಾರೀಖು.

"ಒಂದು ಗಳಿಗೆ ಕೊಡಕ್ಕಾ" ಅಂದಳು ಆರೋಗ್ಯಮೇರಿ.
ಸಕ್ರಿಬಾಯಿ ಕೀಲು ಬಿಚ್ಚಿ ಕೊಟ್ಟಳು
ಪಕ್ಕದ ಮನೆಗೆ ಸಕ್ಕರೆ ಕೊಟ್ಟ ಹಾಗೆ,
ಲೋಟ ಮಾತ್ರ ದೊಡ್ಡದು.

ಲಗೇಜ್ ಆಟೋದಲ್ಲಿ ಅಂಗಾತ ಮಲಗಿ ಬಾಗಿಲು ಹೊರಟಿತು.
ಆರೋಗ್ಯಮೇರಿ ಮನೆಗೆ ಅಳತೆ ತೆಗೆದಂತೆ ಕೂತಿತು.
ಮಕ್ಬೂಲ್ ಜಾನ್ ಮನೆಗೆ ನಾಲ್ಕು ಬೆರಳು ಗಿಡ್ಡ, ಕೆಳಗೆ ಇಟ್ಟಿಗೆ ಕೊಟ್ಟೆವು.
ದುರ್ಗೋಜಿಯ ಮನೆಗೆ ಚಿಲಕ ಹೊರಗಾಯಿತು.
ಹುಚ್ಚಪ್ಪ ಒಳಗೆ ನಿಂತು ಎರಡೂ ಕೈಯಲ್ಲಿ ಒತ್ತಿ ಹಿಡಿದ,
ಫೋಟೋದಲ್ಲಿ ಅವನ ಹೆಂಡತಿ ಒಬ್ಬಳೇ, ನಗು ತಡೆಯುತ್ತ.
ನಾನು ಏನೂ ಕೇಳಲಿಲ್ಲ.
ಕ್ಲಿಕ್. ಪೂರ್ಣ.
ಕ್ಲಿಕ್. ಪೂರ್ಣ.
ಏಳನೆಯ ಮನೆ ಹೊತ್ತಿಗೆ ಕೇರಿಯ ಮಕ್ಕಳೆಲ್ಲ
ಬಾಗಿಲ ಹಿಂದೆ, ದಿಬ್ಬಣದ ಹಿಂದೆ ಬಂದಂತೆ.

ಅಷ್ಟರಲ್ಲಿ ಜಿಲ್ಲಾ ತಂಡ ಜೀಪಿನಲ್ಲಿ ಬಂದು,
ಹೇಳದೆ ಕೇಳದೆ, ಮೊದಲ ಮನೆ ಹೊಕ್ಕಿತು.
ಸಕ್ರಿಬಾಯಿಯ ಮನೆ.
ಸುಣ್ಣ ಬಳಿದಿತ್ತು, ದೇವರ ಗೂಡಿತ್ತು,
ಒಲೆ ಮೇಲೆ ಹುರುಳಿ ಬೇಯುತ್ತಿತ್ತು.
ಬಾಗಿಲೆಲ್ಲಿ?
ಅವಳು ಯಾರ ಹೆಸರೂ ಎತ್ತಲಿಲ್ಲ.
"ರಿಪೇರಿಗೆ ಹೋಗೈತೆ" ಅಂದಳಂತೆ.
ಬರೆದುಕೊಂಡರು: ಅಪೂರ್ಣ. ಕೊನೆಯ ಕಂತು ತಡೆ.

ಪಟ್ಟಿ ಮೇಲಕ್ಕೆ ಹೋಯಿತು. ಹನ್ನೆರಡರಲ್ಲಿ ಹನ್ನೊಂದು,
ಶೇಕಡಾ ತೊಂಬತ್ತೊಂದು ಪಾಯಿಂಟ್ ಆರು ಏಳು.
ರಾಜಧಾನಿಯ ಯಾವುದೋ ಪರದೆ ಮೇಲೆ ಹನ್ನೊಂದು ಬಾಗಿಲು,
ಹನ್ನೊಂದಕ್ಕೂ ಪಿ ಏಳು, ಅದೇ ಗೆರೆ, ಅದೇ ತಾರೀಖು.
ಯಾರೂ ನೋಡಲಿಲ್ಲ. ನೋಡಿದ್ದರೂ
ಮಕ್ಕಳಿಗೆಲ್ಲ ಹನಿ ಬಿದ್ದಿದೆ, ಸದ್ಯ, ಅಂದುಕೊಂಡರೇನೋ.

ರಾತ್ರಿ, ಹೇಳಿಬಿಡೋಣವೆಂದು ಹೋದೆ.
ಬಾಗಿಲಿನ್ನೂ ಕೊನೆಯ ಮನೆಯಲ್ಲೇ ಇತ್ತು.
ಇಲ್ಲಿ ಚೌಕಟ್ಟಿಗೆ ಹಳೆಯ ಸೀರೆ,
ಕಾಲುವೆ ಗಾಳಿಗೆ ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ.
ತಟ್ಟಲು ಕೈಯೆತ್ತಿದೆ.
ಸೀರೆಯನ್ನು ತಟ್ಟುವುದು ಹೇಗೆ?
ಕೆಮ್ಮಿದೆ.

"ಬರ್ರಿ" ಅಂದಳು ಒಳಗಿಂದ, "ತೆಗದೇ ಐತೆ."